ದಾರಿ ಗೊತ್ತು, ಊರಿನ ಹೆಸರು ಗೊತ್ತಿಲ್ಲ

ಹೊನ್ನಾವರದ ಕಡಲ ತೀರದಿಂದ ಆಂಧ್ರಪ್ರದೇಶದ ಚಿತ್ತೂರಿನವರೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 69ರಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊರಟರೆ ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಎಂಬ ನಾಲ್ಕು ಊರುಗಳು ಒಂದೇ ದಾರದಲ್ಲಿ ಪೋಣಿಸಿದಂತೆ ಸಿಗುತ್ತವೆ. ನನ್ನ ಕಾರಿನಲ್ಲಿ ದಾರಿ ಹೇಳುವ ಧ್ವನಿ ಸಹಾಯಕ ಉಪಕರಣವೊಂದಿದೆ. ಈ ಊರುಗಳನ್ನು ಅದು ಕ್ರಮವಾಗಿ ಗೌರಿಬಿಡನೂರ್, ಚಿಕ್‌ಬಲ್ಲಾಪುರ್, ಸಿದ್ಲಗಟ್ಟ, ಚಿಂತಾಮನಿ ಎಂದು ಉಚ್ಚರಿಸುತ್ತದೆ. ನಾಲ್ಕು ಹೆಸರುಗಳಲ್ಲಿ ನಾಲ್ಕೂ ತಪ್ಪು. ಆದರೆ ದಾರಿ ಮಾತ್ರ ಸರಿ. ಎಲ್ಲಿ ಎಡಕ್ಕೆ ಹೊರಳಬೇಕು, ಮುಂದಿನ ತಿರುವು ಎಷ್ಟು ಮೀಟರ್ ದೂರ, ತಲುಪಲು ಎಷ್ಟು ನಿಮಿಷ ಬೇಕು ಎಂಬುದನ್ನು ಅದು ಬೇಸರವಿಲ್ಲದೆ, ಏರುದನಿಯಿಲ್ಲದೆ ಹೇಳುತ್ತದೆ. ಊರನ್ನು ಮುಟ್ಟಿಸುವ ವಿದ್ಯೆ ಬಂದಿದೆ, ಊರಿನ ಹೆಸರನ್ನು ಹೇಳುವ ವಿದ್ಯೆ ಬಂದಿಲ್ಲ. ಈ ವೈಚಿತ್ರ್ಯ ಹೇಗೆ ಉಂಟಾಯಿತು, ಇದರಿಂದ ಯಾರಿಗೆ ನಷ್ಟ, ಇದನ್ನು ಸರಿಪಡಿಸಬೇಕಾದವರು ಯಾರು ಎಂಬುದು ಈ ಲೇಖನದ ವಿಚಾರ.

ಉಪಕರಣ ಯಾವ ಕಂಪನಿಯದು ಎಂಬುದು ಇಲ್ಲಿ ಅಪ್ರಸ್ತುತ. ಅದರ ಮೇಲೆ ದೂರು ಹೇಳುವುದೂ ನನ್ನ ಉದ್ದೇಶವಲ್ಲ. ಅರವತ್ತು ದಾಟಿದ ಕಣ್ಣುಗಳಿಗೆ ಚಲಿಸುವ ಕಾರಿನಲ್ಲಿ ಪುಟ್ಟ ಪರದೆಯನ್ನು ನೋಡುವುದು ಕಷ್ಟ, ಅಪಾಯಕಾರಿಯೂ ಹೌದು. ವಾಹನ ಚಾಲನೆಯ ವೇಳೆ ಕೈಯಲ್ಲಿ ಹಿಡಿಯುವ ಸಾಧನಗಳನ್ನು ದಾರಿ ತಿಳಿಯುವುದಕ್ಕೆ ಮಾತ್ರ, ಅದೂ ಚಾಲಕನ ಗಮನ ಕೆಡದಂತೆ ಬಳಸಬಹುದೆಂದು 2020ರ ಅಕ್ಟೋಬರ್‌ನಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ನಿಯಮ ಹೇಳುತ್ತದೆ. ಕಣ್ಣು ರಸ್ತೆಯ ಮೇಲೆ, ಕೈ ಸ್ಟೀರಿಂಗ್ ಮೇಲೆ, ಕಿವಿ ಮಾತ್ರ ಯಂತ್ರದ ಕಡೆಗೆ ಎಂಬ ವ್ಯವಸ್ಥೆ ಈ ನಿಯಮದ ಆಶಯಕ್ಕೆ ಹೊಂದುತ್ತದೆ. ಆದ್ದರಿಂದ ಯಂತ್ರ ಬೇಡ ಎನ್ನುವ ಪ್ರಶ್ನೆಯೇ ಇಲ್ಲ.

ಈ ಯಂತ್ರ ನಾವಿರುವ ಜಾಗವನ್ನು ಕಂಡುಹಿಡಿಯುವ ಬಗೆ ಅದ್ಭುತವಾದುದು. ಸುಮಾರು 20 ಸಾವಿರ ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಅಮೆರಿಕದ ಜಿಪಿಎಸ್ ಉಪಗ್ರಹಗಳು ಕಾಲಸೂಚಕ ಸಂಕೇತಗಳನ್ನು ಬಿತ್ತರಿಸುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ತಲುಪಲು ಹಿಡಿದ ಸಮಯವನ್ನು ಅಳೆದು, ಉಪಕರಣವು ತಾನಿರುವ ಸ್ಥಾನವನ್ನು ಲೆಕ್ಕ ಹಾಕುತ್ತದೆ. ನಾಗರಿಕರ ಬಳಕೆಯ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕ 2000ದ ಮೇ ತಿಂಗಳಲ್ಲಿ ನಿಲ್ಲಿಸಿದ ನಂತರ ಈ ಸೌಲಭ್ಯ ಜಗತ್ತಿನ ಸಾಮಾನ್ಯ ವಾಹನಗಳಿಗೂ ನಿಜವಾಗಿ ಒದಗಿತು. ತತ್ತ್ವ ನಮ್ಮ ಸೀಮೆಗೆ ಹೊಸದೇನಲ್ಲ. ಗೌರಿಬಿದನೂರಿನಲ್ಲಿ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದ ಭೂಕಂಪ ಮಾಪಕಗಳ ಜಾಲ 1965ರಿಂದ ಕೆಲಸ ಮಾಡುತ್ತಿದೆ. ಎರಡು ಬಾಹುಗಳಲ್ಲಿ ನೆಟ್ಟ 20 ಮಾಪಕಗಳಿಗೆ ಕಂಪನ ತಲುಪುವ ಕ್ಷಣಗಳ ಅಲ್ಪ ವ್ಯತ್ಯಾಸದಿಂದಲೇ, ಸಾವಿರಾರು ಮೈಲಿ ದೂರದ ಭೂಕಂಪ ಅಥವಾ ಭೂಗರ್ಭ ಅಣುಸ್ಫೋಟ ಯಾವ ದಿಕ್ಕಿನಿಂದ ಬಂದದ್ದೆಂದು ಅಲ್ಲಿ ಗುರುತಿಸುತ್ತಾರೆ. ಕಾಲದ ಅಳತೆಯಿಂದ ಸ್ಥಳವನ್ನು ಅರಿಯುವ ಈ ವಿದ್ಯೆ ಗೌರಿಬಿದನೂರಿಗೆ ಜಿಪಿಎಸ್‌ಗಿಂತ ಮೊದಲೇ ಬಂದಿತ್ತು.

ಆದರೆ ಉಪಗ್ರಹಕ್ಕೆ ಗೊತ್ತಿರುವುದು ಅಕ್ಷಾಂಶ, ರೇಖಾಂಶಗಳು ಮಾತ್ರ. ಊರಿನ ಹೆಸರು ಆಕಾಶದಿಂದ ಬರುವುದಿಲ್ಲ, ಅದನ್ನು ನೆಲದ ಮೇಲಿರುವವರೇ ಕೊಡಬೇಕು. ಕೆಡುಕು ನಡೆಯುವುದು ಇಲ್ಲಿ. ಬಹುಪಾಲು ಡಿಜಿಟಲ್ ನಕ್ಷೆಗಳಿಗೆ ನಮ್ಮ ಊರುಗಳ ಹೆಸರು ಮೊದಲು ಸೇರಿದ್ದು ರೋಮನ್ ಲಿಪಿಯಲ್ಲಿ. ‘ಬಳ್ಳ’ ಎಂಬ ಹಳೆಯ ಅಳತೆಯ ನೆನಪನ್ನು ಉಳಿಸಿಕೊಂಡ ಚಿಕ್ಕಬಳ್ಳಾಪುರವನ್ನು ರೋಮನ್ ಲಿಪಿಗೆ ಇಳಿಸಿದಾಗ ಳಕಾರಕ್ಕೂ ಲಕಾರಕ್ಕೂ ಭೇದ ಉಳಿಯುವುದಿಲ್ಲ. ಣ–ನ, ಟ–ತ, ಡ–ದ ಭೇದಗಳ ಗತಿಯೂ ಅದೇ. ಹ್ರಸ್ವ, ದೀರ್ಘಗಳು ಬರೆದವರ ಮರ್ಜಿಗೆ ಬಿಟ್ಟದ್ದು. ಹೀಗೆ ತೂತು ಬಿದ್ದ ಹೆಸರನ್ನು ಯಂತ್ರ ಮತ್ತೆ ಧ್ವನಿಯಾಗಿ ಪರಿವರ್ತಿಸುವಾಗ, ಕಳೆದುಹೋದ ಅಕ್ಷರವನ್ನು ಊಹೆಯಿಂದ ತುಂಬುತ್ತದೆ. ಊಹೆ ತಪ್ಪಿದಾಗ ಚಿಂತಾಮಣಿ ‘ಚಿಂತಾಮನಿ’ ಆಗುತ್ತದೆ. ಯಂತ್ರ ಮೂರ್ಖವೆಂದಲ್ಲ, ಅದಕ್ಕೆ ಕೊಟ್ಟ ಕಡತವೇ ಅಪೂರ್ಣ.

ಈ ಅಪಭ್ರಂಶ ಇಂದಿನದಲ್ಲ. ವಸಾಹತು ಕಾಲದ ಗೆಜೆಟಿಯರುಗಳಲ್ಲಿ ಗೌರಿಬಿದನೂರು ‘ಗೋರಿಬಿದ್ನೂರ್’ ಆಗಿತ್ತು. ಊರುಗಳ ಹೆಸರನ್ನು ರೋಮನ್ ಲಿಪಿಯಲ್ಲಿ ಏಕರೂಪವಾಗಿ ಬರೆಯಲು 1870ರ ದಶಕದಲ್ಲಿ ಡಬ್ಲ್ಯು.ಡಬ್ಲ್ಯು. ಹಂಟರ್ ರೂಪಿಸಿದ ಪದ್ಧತಿಯಲ್ಲಿ ದೀರ್ಘ ಸ್ವರಕ್ಕೆ ಗುರುತಿತ್ತು. ಟಕಾರ, ತಕಾರಗಳನ್ನು ಬೇರ್ಪಡಿಸುವ ಉಪಾಯವಿರಲಿಲ್ಲ. ಸರ್ವೆ ಇಲಾಖೆಯ ನಕ್ಷೆಗಳು ಅದನ್ನೇ ಅನುಸರಿಸಿದವು. ಸ್ವಾತಂತ್ರ್ಯಾನಂತರ ನಾವೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. 2014ರ ಕನ್ನಡ ರಾಜ್ಯೋತ್ಸವದಂದು ಬೆಂಗಳೂರು, ಮೈಸೂರು ಸೇರಿದಂತೆ 12 ನಗರಗಳ ಇಂಗ್ಲಿಷ್ ರೂಪವನ್ನು ಕನ್ನಡಕ್ಕೆ ಹತ್ತಿರ ತಂದೆವು. ಆ ಪಟ್ಟಿಯಲ್ಲಿ ಈ ನಾಲ್ಕು ಊರುಗಳು ಇರಲಿಲ್ಲ. ಅವುಗಳ ಹೆಸರನ್ನು ಇಂಗ್ಲಿಷಿನಲ್ಲಿ ಇಂದಿಗೂ ಒಂದೊಂದು ಫಲಕ ಒಂದೊಂದು ಬಗೆಯಲ್ಲಿ ಬರೆಯುತ್ತದೆ.

ಫಲಕದ ತಪ್ಪಿಗೂ ಮಾತನಾಡುವ ಯಂತ್ರದ ತಪ್ಪಿಗೂ ದೊಡ್ಡ ಅಂತರವಿದೆ. ಫಲಕ ಮೂಕವಾದದ್ದು. ಅದರ ಮೇಲೆ ಏನೇ ಬರೆದಿರಲಿ, ಓದುವವನು ಮನಸ್ಸಿನಲ್ಲೇ ತಿದ್ದಿಕೊಂಡು ಮುಂದೆ ಹೋಗುತ್ತಿದ್ದ. ಧ್ವನಿ ಸಹಾಯಕವಾದರೋ ಹೇಳುವುದಷ್ಟೇ ಅಲ್ಲ, ಕೇಳಿಸಿಕೊಳ್ಳುತ್ತದೆ ಕೂಡ. ತನಗೆ ಗೊತ್ತಿರುವ ರೂಪದಲ್ಲಿ ಹೆಸರನ್ನು ಉಚ್ಚರಿಸದಿದ್ದರೆ ಅರ್ಥವಾಗಲಿಲ್ಲ ಎನ್ನುತ್ತದೆ, ಇಲ್ಲವೇ ಮತ್ತೊಂದು ಊರನ್ನು ತೋರಿಸುತ್ತದೆ. ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಮಳ್ಳೂರು, ಮೇಲೂರು ಎಂಬ ಎರಡು ಊರುಗಳಿವೆ. ಸ್ಥಳೀಯರ ನಾಲಗೆಯಲ್ಲಿ ಈ ಎರಡಕ್ಕೂ ಗೊಂದಲವೇ ಇಲ್ಲ. ನನ್ನ ಉಪಕರಣಕ್ಕೆ ಮಳ್ಳೂರು ತಿಳಿಯಬೇಕಾದರೆ ‘ಮಲ್ಲೂರ್’ ಎನ್ನಬೇಕು. ಗೌರಿಬಿದನೂರು ತಾಲ್ಲೂಕಿನ ಹೊಸೂರು ಶಿಕ್ಷಣ ತಜ್ಞ ಡಾ. ಎಚ್. ನರಸಿಂಹಯ್ಯನವರ ಹುಟ್ಟೂರು. ಬರಿಯ ‘ಹೊಸೂರು’ ಎಂದರೆ ಯಂತ್ರ ಕರೆದೊಯ್ಯಲು ಹೊರಡುವುದು ತಮಿಳುನಾಡಿನ ಕೈಗಾರಿಕಾ ಪಟ್ಟಣಕ್ಕೆ. ಇಂಥ ವ್ಯವಸ್ಥೆಗಳು ಫಲಿತಾಂಶ ಆರಿಸುವಾಗ ಹೊಂದಾಣಿಕೆ, ದೂರ ಇವುಗಳೊಂದಿಗೆ ಸ್ಥಳದ ಪ್ರಸಿದ್ಧಿಯನ್ನೂ ಪರಿಗಣಿಸುತ್ತವೆ. ಹೆಚ್ಚು ಜನ ಹುಡುಕಿದ ಊರು ಮುಂದೆ ಬರುತ್ತದೆ. ಮುಂದೆ ಬಂದದ್ದನ್ನೇ ಇನ್ನಷ್ಟು ಜನ ಆರಿಸುತ್ತಾರೆ. ಮಾರುಕಟ್ಟೆಯಲ್ಲಿ ದೊಡ್ಡ ಅಂಗಡಿ ಸಣ್ಣ ಅಂಗಡಿಯನ್ನು ಮುಚ್ಚಿಸುವ ಬಗೆಯಲ್ಲೇ ಇಲ್ಲಿ ದೊಡ್ಡ ಊರು ಸಣ್ಣ ಊರನ್ನು ಮರೆಮಾಡುತ್ತದೆ.

ಈ ಜಿಲ್ಲೆಯಲ್ಲಿ ಸಮಸ್ಯೆಗೆ ಮತ್ತೊಂದು ಮುಖವಿದೆ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆ ಕನ್ನಡ, ತೆಲುಗು ಎರಡನ್ನೂ ಸಹಜವಾಗಿ ಆಡುವ ಸೀಮೆ. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರು ಎರಡೂ ಭಾಷೆಗಳಲ್ಲಿ ಹಾಡಿದವರು. ಕಂದಾಯ ದಾಖಲೆಯಲ್ಲಿ ‘ಹಳ್ಳಿ’ ಎಂದು ಮುಗಿಯುವ ಎಷ್ಟೋ ಹೆಸರುಗಳು ಮನೆಯಂಗಳದಲ್ಲಿ ‘ಪಲ್ಲಿ’ ಎಂದು ಮುಗಿಯುತ್ತವೆ. ಎರಡೂ ಸರಿ, ಎರಡೂ ಅದೇ ಊರು. ಯಂತ್ರಕ್ಕೆ ಮಾತ್ರ ಒಂದೇ ಗೊತ್ತು. ಇದರ ನಡುವೆ ಹೆಸರುಗಳನ್ನು ಬದಲಿಸುವುದೂ ನಡೆದೇ ಇದೆ. 2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ಸೇರಿದ ರಾಜ್ಯ ಸಚಿವ ಸಂಪುಟ, ಬಾಗೇಪಲ್ಲಿ ಪಟ್ಟಣಕ್ಕೆ ‘ಭಾಗ್ಯನಗರ’ ಎಂದು ಹೆಸರಿಡಲು ತೀರ್ಮಾನಿಸಿತು. ಕೊಪ್ಪಳದ ಪಕ್ಕದಲ್ಲಿ ಈಗಾಗಲೇ ಒಂದು ಭಾಗ್ಯನಗರವಿದೆ. ಹೈದರಾಬಾದನ್ನೂ ಭಾಗ್ಯನಗರವೆಂದು ಕರೆಯುವವರಿದ್ದಾರೆ. ಬೆಂಗಳೂರಿನಿಂದ ಹೊರಟವನಿಗೆ ಬಾಗೇಪಲ್ಲಿ, ಹೈದರಾಬಾದ್ ಎರಡೂ ಒಂದೇ ರಾಷ್ಟ್ರೀಯ ಹೆದ್ದಾರಿ 44ರ ಮೇಲೆ ಸಿಗುತ್ತವೆ. ‘ಭಾಗ್ಯನಗರಕ್ಕೆ ದಾರಿ ತೋರಿಸು’ ಎಂದರೆ ಯಂತ್ರ ಎಲ್ಲಿ ನಿಲ್ಲಿಸಬೇಕು? ಮರುನಾಮಕರಣದ ಒಳಿತು ಕೆಡುಕುಗಳನ್ನು ಇಲ್ಲಿ ಚರ್ಚಿಸುತ್ತಿಲ್ಲ. ಹೆಸರಿಡುವಾಗ ಹಳೆಯ, ಹೊಸ ಎರಡೂ ರೂಪಗಳನ್ನು ದಾಖಲಿಸುವ ವ್ಯವಸ್ಥೆ ನಮ್ಮಲ್ಲಿಲ್ಲ ಎಂಬುದಷ್ಟೇ ನನ್ನ ಮಾತು.

ಹೆಸರು ಬರಿಯ ಗುರುತಿನ ಚೀಟಿಯಲ್ಲ, ಅದರಲ್ಲಿ ಭೂಗೋಳವೂ ಇದೆ. ಪೆರೇಸಂದ್ರದ ‘ಸಂದ್ರ’ ಸಮುದ್ರವೆನ್ನಿಸಿಕೊಂಡ ದೊಡ್ಡ ಕೆರೆಯನ್ನು ಸೂಚಿಸುತ್ತದೆ. ಗುಡಿಬಂಡೆಯಲ್ಲಿ ಬಂಡೆಯಿದೆ, ಅಂಬಾಜಿದುರ್ಗದಲ್ಲಿ ಕೋಟೆಯಿದೆ. ನಾನು ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ಸೇವೆಯಲ್ಲಿದ್ದ ದಿನಗಳಲ್ಲಿ ಇಲಾಖೆಯ ಜೀಪು ಹೊರಟರೆ ದಾರಿ ಹೇಳುತ್ತಿದ್ದವರು ತೋಟಿ, ತಳವಾರ, ನೀರಗಂಟಿಗಳು. ಮಳೆ ಬಂದರೆ ಯಾವ ಹಳ್ಳ ದಾಟಲಾಗದು, ಯಾವ ಕೆರೆಯ ಏರಿಯ ಮೇಲೆ ಜೀಪು ಹೋದೀತು, ಯಾವ ಗೇಟಿನ ಬಳಿ ಬಸ್ಸು ನಿಲ್ಲುತ್ತದೆ ಎಂಬುದು ಅವರ ನಾಲಗೆಯ ತುದಿಯಲ್ಲಿತ್ತು. ಒಂದು ನಿರ್ದಿಷ್ಟ ಕಾಲ, ಒಂದು ನಿರ್ದಿಷ್ಟ ಸ್ಥಳಕ್ಕೆ ಸಂಬಂಧಿಸಿದ ತಿಳಿವಳಿಕೆ ಚದುರಿದ ಜನರ ಬಳಿ ಇರುತ್ತದೆ, ಯಾವ ಕೇಂದ್ರ ಕಚೇರಿಯಲ್ಲೂ ಪೂರ್ತಿಯಾಗಿ ಸಿಗದು ಎಂದು ಅರ್ಥಶಾಸ್ತ್ರಜ್ಞ ಹಯೆಕ್ 1945ರಲ್ಲಿ ವಾದಿಸಿದ್ದರು. ತರಗತಿಯಲ್ಲಿ ಓದಿದ್ದ ಆ ವಾದ ನನಗೆ ಅರ್ಥವಾದದ್ದು ಈ ನೀರಗಂಟಿಗಳ ಜೊತೆ ಓಡಾಡಿದಾಗ.

‘ಉಚ್ಚಾರ ಹೇಗಿದ್ದರೇನು, ಊರು ಸೇರಿದರೆ ಸಾಲದೇ’ ಎಂದು ಕೇಳಬಹುದು. ನನ್ನಂಥವನಿಗೆ ಸಾಕು. ಇಂಗ್ಲಿಷ್ ಬಲ್ಲ ನಾನು ಕಾರು ನಿಲ್ಲಿಸಿ, ಕನ್ನಡಕ ಹಾಕಿಕೊಂಡು, ಅಕ್ಷರಗಳನ್ನು ಬೆರಳಚ್ಚು ಮಾಡಿಯಾದರೂ ಊರನ್ನು ಹುಡುಕಬಲ್ಲೆ. ಆದರೆ ಧ್ವನಿ ತಂತ್ರಜ್ಞಾನದ ದೊಡ್ಡ ಪ್ರಯೋಜನ ಆಗಬೇಕಾದದ್ದು ಬೆರಳಚ್ಚು ಮಾಡಲಾಗದವರಿಗೆ. ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಗೆ ಹೊರಜಿಲ್ಲೆ, ಹೊರರಾಜ್ಯಗಳಿಂದ ಗೂಡು ಹೊತ್ತು ಬರುವ ವಾಹನಗಳ ಚಾಲಕರಿದ್ದಾರೆ; ಚಿಂತಾಮಣಿಯ ಟೊಮೆಟೊ ಮಂಡಿಗೆ ರಾತ್ರಿಯೇ ಹೊರಡುವ ಪಿಕಪ್ ಚಾಲಕರಿದ್ದಾರೆ. ಮಾತು ಬಲ್ಲ, ಲಿಪಿ ಅಷ್ಟಾಗಿ ಬಾರದ ಇವರಿಗೆ ಮಾತನಾಡುವ ಯಂತ್ರ ವರವಾಗಬೇಕಿತ್ತು. ಇಂಗ್ಲಿಷ್ ಶಾಲೆಯ ಉಚ್ಚಾರ ಬಂದವರಿಗೆ ಮಾತ್ರ ಅದು ಓಗೊಟ್ಟರೆ, ಇದ್ದ ಅಸಮಾನತೆಗೆ ಇನ್ನೊಂದು ಸೇರಿದಂತಾಯಿತು. ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ 2008ರಲ್ಲಿ ಆರಂಭವಾಯಿತು. ಹೆರಿಗೆ ನೋವು ಬಂದ ಮನೆಯಿಂದ ಕರೆ ಮಾಡುವವರು ಊರಿನ ಹೆಸರನ್ನು ತಮ್ಮ ಬಾಯಲ್ಲಿರುವಂತೆಯೇ ಹೇಳುತ್ತಾರೆ. ಆ ಹೆಸರು ನಕ್ಷೆಯಲ್ಲಿ ಬೇರೆ ರೂಪದಲ್ಲಿದ್ದರೆ, ಅಥವಾ ಇಲ್ಲವೇ ಇದ್ದರೆ, ಕಳೆಯುವ ಪ್ರತಿ ನಿಮಿಷಕ್ಕೂ ಬೆಲೆಯಿದೆ.

ಹೆಸರಿನಷ್ಟೇ ಮುಖ್ಯವಾದದ್ದು ರಸ್ತೆಯ ಸ್ಥಿತಿಗತಿ. 2024ರ ಜೂನ್‌ನಲ್ಲಿ ಕಾಸರಗೋಡು ಜಿಲ್ಲೆಯ ಪಳ್ಳಂಜಿಯಲ್ಲಿ ಮೊಬೈಲ್ ನಕ್ಷೆ ನಂಬಿ ಹೊರಟ ಇಬ್ಬರು ಯುವಕರ ಕಾರು ಕತ್ತಲಲ್ಲಿ ತುಂಬಿದ ಹೊಳೆಗೆ ಇಳಿಯಿತು. ಅಗ್ನಿಶಾಮಕ ಸಿಬ್ಬಂದಿ ಅವರನ್ನು ಬದುಕಿಸಿದರು. ಅದೇ ವರ್ಷದ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಸಮೀಪ ಪ್ರವಾಹದಲ್ಲಿ ತುಂಡಾಗಿದ್ದ ಸೇತುವೆಯಿಂದ ಕಾರು ನದಿಗೆ ಬಿದ್ದು ಮೂವರು ಸತ್ತರು. ಅವರೂ ನಕ್ಷೆಯ ಸೂಚನೆಯಂತೆ ಹೋಗಿದ್ದರೆಂದು ವರದಿಯಾಯಿತು. ಸೇತುವೆ ತುಂಡಾಗಿದೆ, ಹೊಳೆ ತುಂಬಿದೆ ಎಂಬ ಸಂಗತಿ ಆಯಾ ಊರಿನ ಮಕ್ಕಳಿಗೂ ಗೊತ್ತಿರುತ್ತದೆ. ಗೊತ್ತಿಲ್ಲದಿರುವುದು ಧ್ವನಿಗೆ ಮಾತ್ರ. ಮಾಹಿತಿ ನೆಲದ ಮೇಲಿದ್ದೂ ನಕ್ಷೆಗೆ ತಲುಪದಿರುವುದೇ ಎರಡೂ ಸಮಸ್ಯೆಗಳ ಮೂಲ. ಇದರ ಪರಿಣಾಮ ಒಂದೆಡೆ ಹಾಸ್ಯ, ಇನ್ನೊಂದೆಡೆ ಸಾವು.

ಹಾಗಾದರೆ ತಲುಪಿಸಬೇಕಾದವರು ಯಾರು? ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಸಾರ್ವಜನಿಕ ಸರಕಿನ ಉದಾಹರಣೆಯಾಗಿ ಕೊಡುತ್ತಿದ್ದುದು ದೀಪಸ್ತಂಭ. ಅದರ ಬೆಳಕು ಒಂದು ಹಡಗಿಗೆ ಸಿಕ್ಕಿತೆಂದು ಮತ್ತೊಂದಕ್ಕೆ ಕಡಿಮೆಯಾಗದು. ಹಣ ಕೊಡದವರಿಗೆ ಅದನ್ನು ಮರೆಮಾಡಲೂ ಆಗದು. ಆದ್ದರಿಂದ ಸರ್ಕಾರವೇ ಅದನ್ನು ನಿರ್ವಹಿಸಬೇಕೆಂಬುದು ಪಾಲ್ ಸ್ಯಾಮ್ಯುಯೆಲ್ಸನ್ ಅವರಂಥವರ ವಾದ. ಬ್ರಿಟನ್ನಿನಲ್ಲಿ ಖಾಸಗಿಯವರೂ ದೀಪಸ್ತಂಭ ನಡೆಸಿ ಬಂದರುಗಳಲ್ಲಿ ಶುಲ್ಕ ಪಡೆಯುತ್ತಿದ್ದರೆಂದು ರೊನಾಲ್ಡ್ ಕೋಸ್ 1974ರಲ್ಲಿ ತೋರಿಸಿ ಈ ವಾದಕ್ಕೆ ತಿದ್ದುಪಡಿ ತಂದರು. ನಮ್ಮ ಕಾರಿನ ವಿಷಯದಲ್ಲಿ ಇಬ್ಬರ ಮಾತೂ ಸ್ವಲ್ಪ ಸ್ವಲ್ಪ ನಿಜ. ಆಕಾಶದ ದೀಪಸ್ತಂಭವಾದ ಜಿಪಿಎಸ್ ಒಂದು ಸರ್ಕಾರ ನಡೆಸುವ ಉಚಿತ ಸೇವೆ. ನೆಲದ ನಕ್ಷೆ ಮತ್ತು ಧ್ವನಿ ಖಾಸಗಿಯವರದು. ಅವರು ತಮಗೆ ಲಾಭವಿರುವ ಕಡೆ ಚೆನ್ನಾಗಿಯೇ ಕೆಲಸ ಮಾಡುತ್ತಾರೆ. ಗೂಗಲ್ ತನ್ನ ನಕ್ಷೆಯಲ್ಲಿ 2018ರಲ್ಲಿ ಕನ್ನಡದಲ್ಲೂ ದಾರಿ ಹೇಳುವ ಸೌಲಭ್ಯ ತಂದಿತು. 2021ರಲ್ಲಿ ಸ್ಥಳನಾಮಗಳನ್ನು ಕನ್ನಡ ಸೇರಿದಂತೆ 10 ಭಾರತೀಯ ಭಾಷೆಗಳಲ್ಲಿ ಯಂತ್ರದಿಂದಲೇ ಬರೆಸುವ ಪ್ರಯತ್ನಕ್ಕೂ ಕೈಹಾಕಿತು. ಇವು ಸ್ವಾಗತಾರ್ಹ. ಆದರೆ ಮಹಾನಗರದ ಮಾಲಿನ ಹೆಸರು ತಪ್ಪಾದರೆ ತಿದ್ದಲು ಗ್ರಾಹಕರ ಒತ್ತಡವಿರುತ್ತದೆ, ಮುಂಗಾನಹಳ್ಳಿ ಹೋಬಳಿಯ ಮಜರೆಯೊಂದರ ಹೆಸರು ತಪ್ಪಾದರೆ ಒತ್ತಡ ತರುವವರಿಲ್ಲ. ಮಾರುಕಟ್ಟೆ ಹಿಂಜರಿಯುವ ಜಾಗ ಇದು; ಸರ್ಕಾರ ಮುಂದೆ ಬರಬೇಕಾದ ಜಾಗವೂ ಇದೇ.

ಸರ್ಕಾರದ ಬಳಿ ಇಲ್ಲದ್ದೇನೂ ಇಲ್ಲ. 2011ರ ಜನಗಣತಿಯಂತೆ ರಾಜ್ಯದಲ್ಲಿ 29 ಸಾವಿರಕ್ಕೂ ಹೆಚ್ಚು ಗ್ರಾಮಗಳಿವೆ. ಪ್ರತಿಯೊಂದಕ್ಕೂ ಸಂಕೇತ ಸಂಖ್ಯೆ ಇದೆ, ಗ್ರಾಮ ನಕ್ಷೆ ಇದೆ, ಕನ್ನಡದಲ್ಲಿ ಬರೆದ ಹೆಸರಿದೆ. ‘ಭೂಮಿ’ ಯೋಜನೆಯಡಿ ಪಹಣಿಗಳು ಗಣಕೀಕರಣಗೊಂಡು ಎರಡು ದಶಕಗಳೇ ಆದವು. 2020ರಲ್ಲಿ ಆರಂಭವಾದ ಕೇಂದ್ರದ ‘ಸ್ವಾಮಿತ್ವ’ ಯೋಜನೆ ಗ್ರಾಮಠಾಣಗಳನ್ನು ಡ್ರೋನ್ ಮೂಲಕ ಅಳೆಯುತ್ತಿದೆ. ಕಂದಾಯ ಪಟ್ಟಿಯ ದೌರ್ಬಲ್ಯವೂ ಇಲಾಖೆಗೆ ಗೊತ್ತಿದೆ: ಒಂದು ಮನೆಯೂ ಇಲ್ಲದ ಬೇಚಿರಾಕ್ ಗ್ರಾಮಕ್ಕೆ ಅದರಲ್ಲಿ ಸ್ಥಾನವಿರುತ್ತದೆ, ನೂರು ಮನೆಗಳಿದ್ದೂ ಕಂದಾಯ ಗ್ರಾಮವಾಗದ ಮಜರೆ, ತಾಂಡಾಗಳಿಗೆ ಇರುವುದಿಲ್ಲ. ಜನ ನಿತ್ಯ ಬಳಸುವ ‘ಕ್ರಾಸ್’, ‘ಗೇಟ್’ಗಳಂತೂ ಯಾವ ಪಟ್ಟಿಗೂ ಸೇರಿಲ್ಲ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟ (1905) ಕೋಲಾರ ಜಿಲ್ಲೆಯ ಶಾಸನಗಳಿಗೆ ಮೀಸಲಾದದ್ದು. ಊರಿನ ಹೆಸರನ್ನೂ ಎಲ್ಲೆಯನ್ನೂ ಕಲ್ಲಿನಲ್ಲಿ ಕೊರೆಸಿ ಎಲ್ಲರಿಗೂ ಕಾಣುವಂತೆ ನಿಲ್ಲಿಸುವುದು ನಮ್ಮ ಅರಸರು ತಮ್ಮ ಕರ್ತವ್ಯವೆಂದು ತಿಳಿದಿದ್ದರು. ಇಂದಿನ ಕಲ್ಲು ಗಣಕದ ಕಡತ. ಅದು ಕಚೇರಿಯ ಒಳಗಿದ್ದರೆ ಪ್ರಯೋಜನವಿಲ್ಲ.

ಕಾನೂನಿನ ಅಡ್ಡಿಯೂ ಈಗಿಲ್ಲ. ನಕ್ಷೆಗಳ ಮೇಲಿದ್ದ ಹಳೆಯ ನಿರ್ಬಂಧಗಳನ್ನು ಕೇಂದ್ರ ಸರ್ಕಾರ 2021ರ ಫೆಬ್ರುವರಿಯಲ್ಲಿ ಸಡಿಲಿಸಿತು. 2022ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಭೂಪ್ರಾದೇಶಿಕ ನೀತಿಯನ್ನೂ ಪ್ರಕಟಿಸಿತು. ಭಾರತೀಯ ಭಾಷೆಗಳ ಮಾತನ್ನು ಯಂತ್ರಕ್ಕೆ ಕಲಿಸುವ ‘ಭಾಷಿಣಿ’ ಯೋಜನೆ 2022ರಲ್ಲಿ ಚಾಲನೆ ಪಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆ ದೇಶದ ಎಲ್ಲ ಜಿಲ್ಲೆಗಳ ಜನರ ಮಾತನ್ನು ಧ್ವನಿಮುದ್ರಿಸಿ ಮುಕ್ತವಾಗಿ ಒದಗಿಸುವ ಗುರಿ ಹೊಂದಿದೆ. ಸಾಧನಗಳೆಲ್ಲ ಸಿದ್ಧವಾಗಿವೆ. ಬೇಕಾಗಿರುವುದು ಒಂದು ಆಡಳಿತಾತ್ಮಕ ತೀರ್ಮಾನ.

ನನ್ನ ಸಲಹೆ ಸರಳವಾದದ್ದು. ಪ್ರತಿ ಗ್ರಾಮ ಪಂಚಾಯಿತಿ ತನ್ನ ವ್ಯಾಪ್ತಿಯ ಗ್ರಾಮ, ಮಜರೆ, ಕೆರೆ, ಕ್ರಾಸ್, ಗೇಟ್‌ಗಳ ಹೆಸರನ್ನು ಕನ್ನಡದಲ್ಲಿ ಪಟ್ಟಿ ಮಾಡಲಿ. ದಾಖಲೆಯ ಹೆಸರಿನ ಪಕ್ಕದಲ್ಲಿ ಬಳಕೆಯ ಹೆಸರನ್ನೂ ಬರೆಯಲಿ. ‘ಹಳ್ಳಿ’ಯ ಜೊತೆ ‘ಪಲ್ಲಿ’ಗೂ ಜಾಗವಿರಲಿ. ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ ಹೇಳಿ ಒಪ್ಪಿಗೆ ಪಡೆಯಲಿ. ಊರಿನವರೊಬ್ಬರ ಬಾಯಿಂದ ಪ್ರತಿ ಹೆಸರನ್ನೂ ಒಮ್ಮೆ ಹೇಳಿಸಿ ಮುದ್ರಿಸಿಕೊಳ್ಳಲಿ. ಇದಕ್ಕೆ ಈಗ ಗ್ರಾಮ ಆಡಳಿತ ಅಧಿಕಾರಿಯ ಮೊಬೈಲ್ ಸಾಕು. ಕಂದಾಯ ಇಲಾಖೆ ಅದಕ್ಕೆ ಅಕ್ಷಾಂಶ, ರೇಖಾಂಶ ಸೇರಿಸಲಿ. ಕನ್ನಡ ಅಭಿವೃದ್ಧಿ ಪ್ರಾಧಿಕಾರ ರೋಮನ್ ಲಿಪಿಯಲ್ಲಿ ಬರೆಯಲು ಒಂದೇ ನಿಯಮವನ್ನು ಗೊತ್ತುಪಡಿಸಲಿ. ಲೋಕೋಪಯೋಗಿ ಇಲಾಖೆ ಮುಚ್ಚಿದ ರಸ್ತೆ, ಕುಸಿದ ಸೇತುವೆಗಳ ವಿವರವನ್ನು ಅದೇ ದಿನ ಪ್ರಕಟಿಸಲಿ. ಹೀಗೆ ಸಿದ್ಧವಾದ ಕಡತವನ್ನು ಯಾವ ಕಂಪನಿಯಾದರೂ, ಯಾವ ಕಾಲೇಜು ವಿದ್ಯಾರ್ಥಿಯಾದರೂ ಶುಲ್ಕವಿಲ್ಲದೆ ಬಳಸಿಕೊಳ್ಳುವಂತಿರಲಿ.

ಇಷ್ಟು ಕೊಟ್ಟರೂ ಕಂಪನಿಗಳು ಅದನ್ನು ಬಳಸುತ್ತವೆಂಬ ಖಾತ್ರಿಯೇನು ಎಂಬ ಸಂದೇಹ ಸಹಜ. ಬಳಸದಿರಲು ಕಾರಣವಿಲ್ಲ. ಪರಿಶೀಲಿಸಿದ ಮಾಹಿತಿ ಉಚಿತವಾಗಿ ಸಿಗುವಾಗ ಊಹೆಗೆ ಹಣ ಸುರಿಯುವುದು ಯಾವ ವ್ಯಾಪಾರಿಯ ಲೆಕ್ಕಕ್ಕೂ ಹೊಂದದು. ಒಂದು ವೇಳೆ ಬಳಸದಿದ್ದರೂ ನಮ್ಮ ಆಂಬುಲೆನ್ಸ್, ಪೊಲೀಸ್, ಸಾರಿಗೆ ನಿಗಮಗಳಿಗಾದರೂ ಅದು ಒದಗುತ್ತದೆ. ಇಡೀ ರಾಜ್ಯದಲ್ಲಿ ಏಕಕಾಲಕ್ಕೆ ಕಷ್ಟವೆನಿಸಿದರೆ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಮೊದಲು ಪ್ರಯೋಗಿಸಬಹುದು. ಎರಡು ಭಾಷೆ, ಅಸಂಖ್ಯ ಕೆರೆಗಳು, ಬೆಂಗಳೂರಿನ ಸಾಮೀಪ್ಯ, ಬದಲಾಗುತ್ತಿರುವ ಹೆಸರುಗಳು ಇವೆಲ್ಲ ಒಟ್ಟಿಗೆ ಇರುವ ಈ ಜಿಲ್ಲೆಯಲ್ಲಿ ಪಟ್ಟಿ ಸರಿಯಾದರೆ ಉಳಿದೆಡೆ ಸುಲಭ. ಮುಂದಿನ ಸುತ್ತಿನ ಗ್ರಾಮಸಭೆಗಳ ಕಾರ್ಯಸೂಚಿಗೆ ಈ ಒಂದು ವಿಷಯವನ್ನು ಸೇರಿಸಲು ಜಿಲ್ಲಾ ಪಂಚಾಯಿತಿಯ ಒಂದು ಸುತ್ತೋಲೆ ಸಾಕು.